ಎಫ್‌ಐಆರ್ ಓದಿ, ಆಮೇಲೆ ವಕೀಲರನ್ನು ಹುಡುಕಿ

ಠಾಣೆಯಿಂದ ಫೋನ್ ಬರುತ್ತದೆ: 'ನಿಮ್ಮ ಮೇಲೆ ಕೇಸಾಗಿದೆ, ಬಂದು ಹೋಗಿ.' ಮನೆಯಲ್ಲಿ ತಕ್ಷಣ ಶುರುವಾಗುವುದು ಫೋನಿನ ಸುರಿಮಳೆ. ಭಾವನಿಗೆ ಎಂಎಲ್‌ಎ ಕಡೆಯವರು ಗೊತ್ತು, ಚಿಕ್ಕಪ್ಪನ ಸ್ನೇಹಿತರೊಬ್ಬರು ಬೆಂಗಳೂರಿನಲ್ಲಿ ದೊಡ್ಡ ಲಾಯರ್, ಪಕ್ಕದ ಬೀದಿಯವರು ಜಮೀನಿನ ದಾವೆ ಗೆದ್ದುಕೊಟ್ಟ ವಕೀಲರ ಹೆಸರು ಹೇಳುತ್ತಾರೆ. ಇವರಲ್ಲಿ ಯಾರು ಸರಿ ಎಂದು ಹೇಳಲು ಒಂದು ಕಾಗದ ಬೇಕು. ಅದು ಎಫ್‌ಐಆರ್. ಅದರಲ್ಲಿ ಯಾವ ಕಲಂ ಇದೆ ಎಂಬುದರಿಂದ ಕೇಸು ಯಾವ ಕೋರ್ಟಿನದು ಎಂದು ಗೊತ್ತಾಗುತ್ತದೆ. ಕೋರ್ಟು ಯಾವುದೆಂದು ಗೊತ್ತಾದರೆ ಯಾವ ವಕೀಲರು ಬೇಕು ಎಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆ.

ಪ್ರತಿ ಸಿಗುವುದು ಕಷ್ಟವಲ್ಲ. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಏರಿಸುವುದಿಲ್ಲ. ಅಂಥ ಕಡೆ, ಎಫ್‌ಐಆರ್ ಮ್ಯಾಜಿಸ್ಟ್ರೇಟರಿಗೆ ತಲುಪಿದ ಮೇಲೆ ಕೋರ್ಟಿಗೇ ನಕಲಿನ ಅರ್ಜಿ ಹಾಕಬೇಕು. ಠಾಣೆಯ ಹೆಸರು ಮತ್ತು ಅಪರಾಧ ಸಂಖ್ಯೆ ಕೇಳಿಟ್ಟುಕೊಳ್ಳಿ. ಉತ್ತರ ಕರ್ನಾಟಕದ ಠಾಣೆಗಳಲ್ಲಿ ಇದನ್ನೇ 'ಗುನ್ನೆ ನಂಬರ್' ಅನ್ನುತ್ತಾರೆ.

ಈಗ ಒಂದು ಸಾಮಾನ್ಯ ಎಫ್‌ಐಆರ್ ಎದುರಿಗಿಟ್ಟುಕೊಳ್ಳೋಣ. ಬದುವಿನ ವಿಚಾರಕ್ಕೆ ಎರಡು ಮನೆಯವರು ಹೊಡೆದಾಡಿದ್ದಾರೆ. ಕಲಂಗಳ ಸಾಲು ಹೀಗಿದೆ: ಭಾರತೀಯ ನ್ಯಾಯ ಸಂಹಿತೆ 115(2), 126(2), 352, 351(2), ಸಹ ಕಲಂ 3(5). ಹಳೆಯ ಐಪಿಸಿಯ ಲೆಕ್ಕದಲ್ಲಿ ಇವು 323, 341, 504, 506 ಮತ್ತು 34. ಹೊಡೆದದ್ದು, ಅಡ್ಡಗಟ್ಟಿದ್ದು, ಬೈದದ್ದು, ಬೆದರಿಸಿದ್ದು, ಎಲ್ಲರೂ ಸೇರಿ ಮಾಡಿದ್ದು. ಇದರಲ್ಲಿ ಕುತೂಹಲದ ಕಲಂ 126(2). ಬರೀ ಹೊಡೆದದ್ದು, ಬೈದದ್ದು, ಬೆದರಿಸಿದ್ದಾದರೆ ಮೂರೂ ಅಸಂಜ್ಞೇಯ. ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದುಕೊಳ್ಳಬಹುದು, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆ ಮಾಡುವಂತಿಲ್ಲ. 'ದಾರಿಗೆ ಅಡ್ಡಗಟ್ಟಿ ನಿಲ್ಲಿಸಿ' ಎಂಬ ಮೂರು ಪದ ದೂರಿನಲ್ಲಿ ಸೇರಿದ ಕೂಡಲೇ ಇಡೀ ಪ್ರಕರಣ ಸಂಜ್ಞೇಯವಾಗುತ್ತದೆ, ಅಂದರೆ ಪೊಲೀಸರು ತಾವೇ ತನಿಖೆ ಮಾಡಬಹುದು. ದೂರು ಬರೆದುಕೊಡುವವರಿಗೆ ಇದು ಚೆನ್ನಾಗಿ ಗೊತ್ತು.

ಆದರೂ ಮೇಲಿನ ಅಷ್ಟೂ ಕಲಂ ಜಾಮೀನು ಸಿಗುವಂಥವೇ. ಜಾಮೀನು ಕೊಡಲು ಸಿದ್ಧವಿದ್ದರೆ ಠಾಣಾಧಿಕಾರಿಯೇ ಬಿಡುಗಡೆ ಮಾಡಬೇಕು, ಅದು ಹಕ್ಕು. ಇಂಥ ಕೇಸಿಗೆ 'ನಿರೀಕ್ಷಣಾ ಜಾಮೀನು ತೆಗೆಸಿಬಿಡೋಣ, ಇಷ್ಟು ಖರ್ಚಾಗುತ್ತೆ' ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು, ಇರುವುದು ಜಾಮೀನುರಹಿತ ಅಪರಾಧಗಳಿಗೆ (ಜಾಮೀನು ಹಕ್ಕಾಗಿ ಸಿಗದೆ ಕೋರ್ಟಿನ ವಿವೇಚನೆಗೆ ಬಿಟ್ಟವು) ಮಾತ್ರ.

ಅದೇ ಸಾಲಿಗೆ 109 ಸೇರಿಸಿ ನೋಡಿ. ಕೊಲೆ ಯತ್ನ, ಹಳೆಯ 307. ಈಗ ಕೇಸಿನ ಮುಖವೇ ಬೇರೆ. ಜಾಮೀನುರಹಿತ, ವಿಚಾರಣೆ ಸೆಷನ್ಸ್ ನ್ಯಾಯಾಲಯದಲ್ಲಿ, ಬಂಧನದ ಸಾಧ್ಯತೆ ಹೆಚ್ಚು. ಪರಿಶಿಷ್ಟ ಜಾತಿ, ಪಂಗಡ ದೌರ್ಜನ್ಯ ತಡೆ ಕಾಯ್ದೆ ಸೇರಿದ್ದರೆ ಮತ್ತೂ ಬೇರೆ: ಆ ಕಾಯ್ದೆಯ 18ನೇ ಕಲಂ ನಿರೀಕ್ಷಣಾ ಜಾಮೀನಿಗೆ ತಡೆ ಹಾಕಿದೆ, ಕೇಸು ವಿಶೇಷ ನ್ಯಾಯಾಲಯಕ್ಕೆ ಹೋಗುತ್ತದೆ, ಅಲ್ಲಿ ಜಾಮೀನು ಸಿಗದಿದ್ದರೆ ಹೈಕೋರ್ಟಿಗೆ ಹಾಕುವುದು ಮೇಲ್ಮನವಿ. ಇದು ಗೊತ್ತಿಲ್ಲದ ವಕೀಲರು ತಪ್ಪು ಅರ್ಜಿ ಹಾಕಿ ಹದಿನೈದು ದಿನ ಕಳೆಯುತ್ತಾರೆ. ಒಳಗಿರುವವನಿಗೆ ಆ ಹದಿನೈದು ದಿನ ಸಣ್ಣದಲ್ಲ.

ಊರಿನ ವಕೀಲರೇ ಏಕೆ

ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಶನಿವಾರ ಸಂಜೆ ಹಿಡಿದರೆ ಭಾನುವಾರ ಹಾಜರುಪಡಿಸುವುದು ನ್ಯಾಯಾಧೀಶರ ವಸತಿಗೃಹದಲ್ಲಿ. ಆ ಹೊತ್ತಿಗೆ ಗೇಟಿನ ಹತ್ತಿರ ಕೋಟು ಹಾಕಿಕೊಂಡು ನಿಲ್ಲುವವರು ಬೇಕು. ಇನ್ನೂರು ಕಿಲೋಮೀಟರ್ ದೂರದ ಹೆಸರಾಂತ ವಕೀಲರು ಸೋಮವಾರ ಬರುತ್ತೇನೆ ಅಂದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಪೊಲೀಸ್ ಕಸ್ಟಡಿಯೋ ನ್ಯಾಯಾಂಗ ಬಂಧನವೋ ಎಂಬುದು ತೀರ್ಮಾನವಾಗಿರುತ್ತದೆ. ಬಂಧನದ ಕಾರಣ ತಿಳಿಸಿದ್ದಾರಾ, ಮನೆಯವರಿಗೆ ಹೇಳಿದ್ದಾರಾ, ಮೈಮೇಲೆ ಗಾಯವಿದ್ದರೆ ವೈದ್ಯರ ವರದಿಯಲ್ಲಿ ಬಂದಿದೆಯಾ ಎಂಬ ಮಾತುಗಳನ್ನು ನ್ಯಾಯಾಧೀಶರ ಗಮನಕ್ಕೆ ತರುವ ಮೊದಲ ಅವಕಾಶ ಅದೇ. ಕಾರಣ ತಿಳಿಸದ ಬಂಧನ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಹೇಳಿದೆ. ಆ ಮಾತನ್ನು ಅಲ್ಲಿ ಎತ್ತಬೇಕಾದವರು ವಕೀಲರು.

ಊರಿನ ವಕೀಲರಿಗೆ ಗೊತ್ತಿರುವ ಇನ್ನೊಂದಿಷ್ಟು ಸಂಗತಿ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಆ ಕೋರ್ಟಿನಲ್ಲಿ ಜಾಮೀನು ಅರ್ಜಿ ಯಾವ ಹೊತ್ತಿಗೆ ಕರೆಯುತ್ತಾರೆ, ಸರ್ಕಾರಿ ಅಭಿಯೋಜಕರು ತಕರಾರು ಸಲ್ಲಿಸಲು ಎಷ್ಟು ದಿನ ಕೇಳುತ್ತಾರೆ, ಜಾಮೀನುದಾರರ ಯಾವ ದಾಖಲೆ ಇಲ್ಲದಿದ್ದರೆ ಕಚೇರಿಯಲ್ಲಿ ವಾಪಸ್ ಕಳಿಸುತ್ತಾರೆ, ಬಿಡುಗಡೆ ಆದೇಶ ಜೈಲಿಗೆ ಎಷ್ಟು ಗಂಟೆಯೊಳಗೆ ಮುಟ್ಟಬೇಕು. ಈ ಕೊನೆಯದೊಂದು ತಪ್ಪಿದರೆ ಜಾಮೀನು ಸಿಕ್ಕಿಯೂ ಒಂದು ರಾತ್ರಿ ಒಳಗೇ.

ಇಲ್ಲಿ ಒಂದು ಎಚ್ಚರ. ತಾಲ್ಲೂಕಿನ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ಮಾತ್ರ ಓಡಾಡುವ ವಕೀಲರು ಜಿಲ್ಲಾ ಕೇಂದ್ರದ ಸೆಷನ್ಸ್ ಕೋರ್ಟಿಗೆ ಹೋಗುವುದು ಅಪರೂಪವಾಗಿರಬಹುದು. ಕೊಲೆ ಯತ್ನದ ಕೇಸಿನಲ್ಲಿ ರಿಮಾಂಡ್ (ಬಂಧನದಲ್ಲಿಡುವ ಆದೇಶ) ತಾಲ್ಲೂಕಿನಲ್ಲಿ, ವಿಚಾರಣೆ ಸೆಷನ್ಸ್‌ನಲ್ಲಿ. ಎರಡೂ ಕಡೆ ನಿಲ್ಲುವವರನ್ನೇ ಹಿಡಿಯಿರಿ, ಇಲ್ಲವೇ ಯಾರು ಎಲ್ಲಿ ಎಂದು ಮೊದಲೇ ಮಾತಾಡಿಕೊಳ್ಳಿ. ಎಫ್‌ಐಆರ್ ರದ್ದು ಕೋರುವ ಅರ್ಜಿ ಹೈಕೋರ್ಟಿಗೆ ಹೋಗಬೇಕು. ನಿಮ್ಮ ಜಿಲ್ಲೆಯನ್ನು ನೋಡಿಕೊಂಡು ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಅದಕ್ಕೆ ಬೇರೆ ವಕೀಲರು ಬೇಕಾದರೂ ಊರಿನವರನ್ನು ಬಿಡಬೇಡಿ. ತಡೆಯಾಜ್ಞೆ ಸಿಗುವವರೆಗೂ ಕೆಳಗಿನ ಕೋರ್ಟಿನ ತಾರೀಖು ನಿಲ್ಲುವುದಿಲ್ಲ.

ಹುಡುಕುವ ಬಗೆ

ವಕೀಲರು ಜಾಹೀರಾತು ಕೊಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮ ತಡೆಯುತ್ತದೆ. 'ನಂಬರ್ ಒನ್ ಕ್ರಿಮಿನಲ್ ಲಾಯರ್' ಎಂದು ಇಂಟರ್‌ನೆಟ್ಟಿನಲ್ಲಿ ಕಾಣುವುದನ್ನು ಅದೇ ತೂಕದಲ್ಲಿ ತೆಗೆದುಕೊಳ್ಳಿ. ಇದಕ್ಕಿಂತ ಒಳ್ಳೆಯ ಎರಡು ದಾರಿಗಳಿವೆ, ಎರಡಕ್ಕೂ ಕಾಸು ಬೇಡ.

ಒಂದು, ಇ-ಕೋರ್ಟ್ಸ್ ಆ್ಯಪ್. ಅದರಲ್ಲಿ ಜಿಲ್ಲೆ, ಕೋರ್ಟು ಆರಿಸಿ ವಕೀಲರ ಹೆಸರು ಹಾಕಿದರೆ ಅವರು ಹಾಜರಾಗುವ ಪ್ರಕರಣಗಳ ಪಟ್ಟಿ ಬರುತ್ತದೆ. ಒ.ಎಸ್. ಎಂದಿದ್ದರೆ ಸಿವಿಲ್ ದಾವೆ, ಸಿ.ಸಿ. ಎಂದರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಕ್ರಿಮಿನಲ್ ಕೇಸು, ಎಸ್.ಸಿ. ಎಂದರೆ ಸೆಷನ್ಸ್ ಕೇಸು. ಪಟ್ಟಿಯ ತುಂಬ ಒ.ಎಸ್. ಇದ್ದು ನಾಲ್ಕೇ ನಾಲ್ಕು ಸಿ.ಸಿ. ಇದ್ದರೆ ಅವರು ಪಾಲು ವಿಭಾಗದ ದಾವೆಯಲ್ಲಿ ಗಟ್ಟಿಗರಿರಬಹುದು, ನಿಮ್ಮ ಕೆಲಸಕ್ಕಲ್ಲ. ಸಿ.ಸಿ.ಯಲ್ಲೂ ಒಂದು ಸೂಕ್ಷ್ಮವಿದೆ. ಎಲ್ಲವೂ ಚೆಕ್ ಬೌನ್ಸ್ ಆಗಿದ್ದರೆ ಪೊಲೀಸ್ ಕೇಸಿನ ಪಾಟೀಸವಾಲಿನ (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ) ಅನುಭವ ಇದೆಯೆಂದು ಅರ್ಥವಲ್ಲ.

ಎರಡನೆಯದು, ಕೋರ್ಟಿಗೇ ಹೋಗಿ ಹಿಂದಿನ ಬೆಂಚಿನಲ್ಲಿ ಅರ್ಧ ದಿನ ಕೂರುವುದು. ಕೋರ್ಟು ಎಲ್ಲರಿಗೂ ತೆರೆದಿರುತ್ತದೆ. ತನಿಖಾಧಿಕಾರಿ ಸಾಕ್ಷಿಕಟ್ಟೆಯಲ್ಲಿ ನಿಂತಾಗ ಯಾರು ಮಹಜರಿನ (ಸ್ಥಳ ಪರಿಶೀಲನೆಯ ದಾಖಲೆ) ಸಮಯ, ಜಾಗದ ಚೆಕ್ಕುಬಂದಿ ಹಿಡಿದು ಒಂದೊಂದೇ ಪ್ರಶ್ನೆ ಕೇಳುತ್ತಾರೆ, ಯಾರು 'ನೀವು ಸುಳ್ಳು ಹೇಳುತ್ತಿದ್ದೀರಿ' ಎಂದು ಒಂದೇ ಮಾತು ಸೂಚಿಸಿ ಕೂರುತ್ತಾರೆ ಎಂಬುದು ಕಾನೂನು ಓದದವರಿಗೂ ಕಾಣುತ್ತದೆ.

ಮೊದಲ ಭೇಟಿಯಲ್ಲಿ ವಕೀಲರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ಪಳಗಿದವರು ಎಫ್‌ಐಆರಿನ ಕಲಂ ನೋಡಿ ಕೆಳಗಿಡುವುದಿಲ್ಲ. ಘಟನೆ ನಡೆದ ಹೊತ್ತು, ಠಾಣೆಗೆ ಮಾಹಿತಿ ಬಂದ ಹೊತ್ತು, ತಡಕ್ಕೆ ಕೊಟ್ಟ ಕಾರಣ, ಕೊನೆಯ ಅಂಕಣದಲ್ಲಿ ಕೋರ್ಟಿಗೆ ರವಾನಿಸಿದ ಹೊತ್ತು, ಇವನ್ನು ಜೋಡಿಸಿ ನೋಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಗಲಾಟೆ, ಒಂಬತ್ತಕ್ಕೆ ಗಾಯಾಳು ಸರ್ಕಾರಿ ಆಸ್ಪತ್ರೆಯಲ್ಲಿ, ಎಫ್‌ಐಆರ್ ಆಗಿರುವುದು ಮರುದಿನ ಸಂಜೆ. ಹಾಗಾದರೆ ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಾಗಬಹುದಾದ ಗಾಯಾಳುಗಳ) ರಿಜಿಸ್ಟರಿನಲ್ಲಿ ಗಾಯಾಳು ಏನು ಹೇಳಿ ಬರೆಸಿದ್ದಾರೆ? 'ಬಿದ್ದು ಗಾಯ' ಎಂದೇ? ಹೊಡೆದವರು ಇಬ್ಬರು ಎಂದಿದ್ದದ್ದು ಎಫ್‌ಐಆರ್ ಹೊತ್ತಿಗೆ ಎಂಟು ಜನರಾಯಿತೇ? ಈ ಪ್ರಶ್ನೆ ಮೊದಲ ದಿನವೇ ಕೇಳುವವರು ವಿಚಾರಣೆಯ ತನಕ ಕೇಸನ್ನು ಕಣ್ಣಮುಂದೆ ಇಟ್ಟುಕೊಂಡಿದ್ದಾರೆ ಎಂದರ್ಥ.

ಸಿಸಿಟಿವಿಯ ಮಾತು ಬರದಿದ್ದರೆ ನೀವೇ ಎತ್ತಿ. ಅಂಗಡಿ, ಬ್ಯಾಂಕು, ಪೆಟ್ರೋಲ್ ಬಂಕುಗಳ ಡಿವಿಆರ್‌ನಲ್ಲಿ ಹಳೆಯದರ ಮೇಲೆ ಹೊಸದು ದಾಖಲಾಗುತ್ತ ಹೋಗುತ್ತದೆ. ಕೆಲವು ವಾರ ಕಳೆದರೆ ದೃಶ್ಯ ಹೋದಂತೆಯೇ. ಮೊಬೈಲಿಗೆ ನಕಲು ಮಾಡಿಕೊಂಡರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ, ಹ್ಯಾಷ್ ವ್ಯಾಲ್ಯೂ (ಫೈಲನ್ನು ತಿದ್ದಿಲ್ಲವೆಂದು ತೋರಿಸುವ ಸಂಕೇತ) ಸಮೇತ, ಬೇಕಾಗುತ್ತದೆ. ಅದನ್ನು ಯಾರಿಂದ ಪಡೆಯಬೇಕು ಎಂದು ವಕೀಲರಿಗೆ ಗೊತ್ತಿರಬೇಕು.

ಬಿಡಬೇಕಾದವರ ಗುರುತು ಸುಲಭ. 'ಸಾಹೇಬರು ನಮ್ಮವರೇ, ಒಂದಿಷ್ಟು ಅಲ್ಲಿಗೂ ತಲುಪಿಸಬೇಕು' ಎಂದವರು. ಅದು ಭ್ರಷ್ಟಾಚಾರ ತಡೆ ಕಾಯ್ದೆಯ ಅಪರಾಧ. ಒಂದು ಕೇಸಿಗೆ ಬಂದವರು ಎರಡು ಕೇಸಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ಜೊತೆಗೆ 'ನೂರಕ್ಕೆ ನೂರು ಖುಲಾಸೆ' ಎಂದು ಎಫ್‌ಐಆರ್ ಓದುವ ಮೊದಲೇ ಮಾತು ಕೊಡುವವರು.

ಹಲವು ಆರೋಪಿಗಳಿದ್ದಾಗ ಖರ್ಚು ಉಳಿಸಲು ಎಲ್ಲರಿಗೂ ಒಬ್ಬರೇ ವಕೀಲರನ್ನು ಇಡುವುದು ರೂಢಿ. ಎಲ್ಲರ ಮಾತೂ ಒಂದೇ ಆಗಿದ್ದರೆ ಸರಿ. ಆರನೇ ಆರೋಪಿ ಅಂದು ಊರಿನಲ್ಲೇ ಇರಲಿಲ್ಲ, ಬಸ್ ಟಿಕೆಟ್ ಇದೆ, ಆದರೆ ಒಂದನೇ ಆರೋಪಿಯ ವಾದ 'ಹೊಡೆದದ್ದು ನಾನಲ್ಲ, ಆರನೆಯವನು' ಎಂದಾದರೆ? ಒಂದೇ ಬಾಯಲ್ಲಿ ಎರಡು ವಾದ ನಡೆಯುವುದಿಲ್ಲ. ಆಗ ನಷ್ಟವಾಗುವುದು ಸಾಮಾನ್ಯವಾಗಿ ಕಡಿಮೆ ದುಡ್ಡು ಕೊಟ್ಟವನಿಗೆ.

ಠಾಣೆಗೆ ಹೋಗುವ ಮೊದಲು

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನದ ಬದಲು ಪೊಲೀಸರು ಸಾಮಾನ್ಯವಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ ಕೊಡುತ್ತಾರೆ. ಹಳೆಯ ಸಿಆರ್‌ಪಿಸಿಯ 41ಎ. ಇದಕ್ಕೆ ಹಾಜರಾಗದೆ ಫೋನ್ ಆಫ್ ಮಾಡಿ ನೆಂಟರ ಮನೆ ಸೇರುವುದು ದೊಡ್ಡ ತಪ್ಪು. ನೋಟಿಸಿನಂತೆ ನಡೆದುಕೊಳ್ಳುವವರೆಗೆ, ಲಿಖಿತ ಕಾರಣವಿಲ್ಲದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ. ನಿಜವಾಗಿ ಹೋಗಲಾಗದಿದ್ದರೆ ವಕೀಲರ ಮೂಲಕ ಬರಹದಲ್ಲಿ ಸಮಯ ಕೇಳಿ, ಸ್ವೀಕೃತಿ ಇಟ್ಟುಕೊಳ್ಳಿ.

ಬಂಧಿಸಿ ವಿಚಾರಿಸುವಾಗ ವಕೀಲರನ್ನು ಭೇಟಿಯಾಗುವ ಹಕ್ಕಿದೆ, ಆದರೆ ವಿಚಾರಣೆಯ ಉದ್ದಕ್ಕೂ ಅವರು ಪಕ್ಕದಲ್ಲಿ ಕೂರುವಂತಿಲ್ಲ. ಆದ್ದರಿಂದ ಹೇಳಬೇಕಾದದ್ದನ್ನು ಮೊದಲೇ ಹೇಳಿ ಕಳಿಸುವವರು ಒಳ್ಳೆಯ ವಕೀಲರು. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಿಲ್ಲ, ಸಹಿ ಪಡೆಯಬಾರದು ಎಂದೇ ಕಾನೂನು ಹೇಳುತ್ತದೆ. ನಮ್ಮಲ್ಲಿ ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ದೋಷಾರೋಪಣ ಪಟ್ಟಿಯ ಜೊತೆ 'ಸ್ವಇಚ್ಛಾ ಹೇಳಿಕೆ' ಎಂಬ ಕಾಗದ ಮೇಲಿಂದ ಮೇಲೆ ಇರುತ್ತದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಅದರಿಂದ ವಸ್ತುವೊಂದು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದ ಭಾಗವಷ್ಟೇ ನಿಲ್ಲುತ್ತದೆ. ಖಾಲಿ ಹಾಳೆಗೆ ಸಹಿ ಮಾತ್ರ ಯಾವ ಕಾರಣಕ್ಕೂ ಬೇಡ.

ವಕಾಲತ್ತು, ಫೀಸು, ರಸೀದಿ

ವಕಾಲತ್ತಿನಲ್ಲಿ, ಅಂದರೆ ನಿಮ್ಮ ಪರ ಹಾಜರಾಗಲು ಅಧಿಕಾರ ಕೊಡುವ ಪತ್ರದಲ್ಲಿ, ವಕೀಲರ ನೋಂದಣಿ ಸಂಖ್ಯೆ ಇರುತ್ತದೆ, ಕೆಎಆರ್ ಎಂದು ಶುರುವಾಗಿ ವರ್ಷದಿಂದ ಮುಗಿಯುವಂಥದ್ದು. ಯಾವ ಕೋರ್ಟು, ಯಾವ ಕೇಸು ಎಂದು ತುಂಬಿದ ಮೇಲೆಯೇ ಸಹಿ ಹಾಕಿ. ಆರೋಪಿ ಜೈಲಿನಲ್ಲಿದ್ದರೆ ಸಹಿಗೆ ಜೈಲು ಅಧಿಕಾರಿಯ ದೃಢೀಕರಣ ಬೇಕು, ಅದಕ್ಕೆ ಒಂದು ದಿನ ಹಿಡಿಯಬಹುದು ಎಂದು ಲೆಕ್ಕ ಹಾಕಿಕೊಳ್ಳಿ.

ಫೀಸನ್ನು ಹಂತಹಂತವಾಗಿ ಮಾತಾಡಿ: ಜಾಮೀನಿಗೆ ಎಷ್ಟು, ದೋಷಾರೋಪಣ ಪಟ್ಟಿ ಬಂದ ಮೇಲೆ ಸಾಕ್ಷಿ ವಿಚಾರಣೆಗೆ ಎಷ್ಟು, ವಾದಕ್ಕೆ ಎಷ್ಟು. ಜಗಳ ಹೆಚ್ಚಾಗಿ ಹುಟ್ಟುವುದು 'ಪೂರ್ತಿ ಕೇಸಿಗೆ ಇಷ್ಟು' ಎಂದು ನೀವು ಅಂದುಕೊಂಡು 'ಬೇಲ್‌ಗೆ ಇಷ್ಟು' ಎಂದು ಅವರು ಅಂದುಕೊಂಡಾಗ. ಕೋರ್ಟ್ ಫೀ, ವಕೀಲರ ಕಲ್ಯಾಣ ನಿಧಿ ಸ್ಟಾಂಪು, ದೃಢೀಕೃತ ನಕಲು, ಟೈಪಿಂಗ್ ಬೇರೆ ಲೆಕ್ಕ. ಯುಪಿಐಯಲ್ಲಿ ಕೊಟ್ಟರೆ ತಾನಾಗಿಯೇ ದಾಖಲೆ ಉಳಿಯುತ್ತದೆ. ಗೆದ್ದರೆ ಇಷ್ಟು ಎಂಬ ಷರತ್ತಿನ ಫೀಸು ನಿಯಮಬಾಹಿರ.

ಕೊಡಲು ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಬಂಧನದಲ್ಲಿರುವವರು, ಇವರಿಗೆ ಆದಾಯದ ಮಿತಿಯೇ ಇಲ್ಲ. ಬಿಟ್ಟಿ ವಕೀಲರು ಎಂದು ಮೂಗು ಮುರಿಯುವ ಅಗತ್ಯವಿಲ್ಲ. ಹಲವು ಜಿಲ್ಲೆಗಳಲ್ಲಿ ಕ್ರಿಮಿನಲ್ ಕೇಸುಗಳಿಗೆಂದೇ ಪೂರ್ಣಾವಧಿಯ ರಕ್ಷಣಾ ವಕೀಲರಿದ್ದಾರೆ.

ಜಾಮೀನುದಾರರು

ಆದೇಶ ಸಿಕ್ಕ ದಿನ ಪಹಣಿ ಹುಡುಕುತ್ತ ಓಡಾಡುವುದು ಪ್ರತಿ ತಾಲ್ಲೂಕು ಕೋರ್ಟಿನ ದೃಶ್ಯ. ಜಾಮೀನುದಾರರನ್ನು ಅರ್ಜಿ ಹಾಕಿದ ದಿನವೇ ಸಿದ್ಧ ಮಾಡಿ: ಈಚಿನ ಪಹಣಿ ಅಥವಾ ಮನೆಯ ಖಾತೆ ಮತ್ತು ತೆರಿಗೆ ರಸೀದಿ, ಆಧಾರ್, ಫೋಟೊ. ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಉಪಯೋಗಕ್ಕೆ ಬರುವುದಿಲ್ಲ. ಎಷ್ಟು ಜನರಿಗೆ ಈಗಾಗಲೇ ಜಾಮೀನು ನಿಂತಿದ್ದೇವೆ ಎಂದು ಅವರು ಘೋಷಿಸಬೇಕು. ಕೋರ್ಟ್ ಆವರಣದಲ್ಲಿ ಬಾಡಿಗೆಗೆ ಸಿಗುವ ಜಾಮೀನುದಾರರ ತಂಟೆಗೆ ಹೋಗಬೇಡಿ. ಪಹಣಿ ನಕಲಿಯೆಂದು ಬಯಲಾದರೆ ಜಾಮೀನೂ ಹೋಗುತ್ತದೆ, ಹೊಸ ಕೇಸೂ ಬೀಳುತ್ತದೆ. ಯಾರೂ ಸಿಗದಿದ್ದರೆ ನಗದು ಠೇವಣಿಗೆ ಅವಕಾಶ ಕೋರಿ ಅರ್ಜಿ ಹಾಕಲು ವಕೀಲರಿಗೆ ಹೇಳಿ.

ಒಳಗಿರುವವರ ದಿನ ಎಣಿಸುವುದು ವಕೀಲರ ಕೆಲಸ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧಕ್ಕೆ 90 ದಿನ, ಉಳಿದವಕ್ಕೆ 60. ಅಷ್ಟರಲ್ಲಿ ದೋಷಾರೋಪಣ ಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ, ಕೇಳಿದರೆ ಮಾತ್ರ. ಅರ್ಜಿ ಹಾಕುವ ಮೊದಲೇ ಪಟ್ಟಿ ಸಲ್ಲಿಕೆಯಾದರೆ ಆ ಹಕ್ಕು ಹೋಯಿತು.

ಮುಂದಿನ ವರ್ಷಗಳು

ದೋಷಾರೋಪಣ ಪಟ್ಟಿಯ ಪೂರ್ತಿ ಪ್ರತಿ ಆರೋಪಿಗೆ ಉಚಿತ. ಪುಟ ಎಣಿಸಿ ಪಡೆಯಿರಿ, ಗಾಯದ ಪ್ರಮಾಣಪತ್ರ, ಮಹಜರು ಇವೆಯೇ ನೋಡಿ. ಆರೋಪದಿಂದ ಕೈಬಿಡುವಂತೆ ಕೋರುವ ಅರ್ಜಿಗೆ ನಾಗರಿಕ ಸುರಕ್ಷಾ ಸಂಹಿತೆ 60 ದಿನದ ಗಡುವು ಹಾಕಿದೆ. ವಾರಂಟ್ ಪ್ರಕರಣದಲ್ಲಿ (ಎರಡು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ, ಮ್ಯಾಜಿಸ್ಟ್ರೇಟರ ಮುಂದಿನ ಕೇಸು) ಈ ಪ್ರತಿಗಳು ಸಿಕ್ಕ ದಿನದಿಂದ, ಸೆಷನ್ಸ್ ಪ್ರಕರಣದಲ್ಲಿ ಕೇಸು ಅಲ್ಲಿಗೆ ಒಪ್ಪಿಸಿದ ದಿನದಿಂದ ಲೆಕ್ಕ.

ಸಣ್ಣ ಕೇಸುಗಳಲ್ಲಿ 'ಒಪ್ಪಿಕೊಂಡು ದಂಡ ಕಟ್ಟಿಬಿಡಿ, ಓಡಾಟ ತಪ್ಪುತ್ತೆ' ಎಂಬ ಸಲಹೆ ಬಹಳ ಅಗ್ಗವಾಗಿ ಸಿಗುತ್ತದೆ. ಒಪ್ಪಿಕೊಂಡರೆ ಅದು ಅಪರಾಧ ಸಾಬೀತಾದಂತೆ. ಆರೋಪಿ ಮಗನಾಗಿದ್ದರೆ ಅವನ ಸರ್ಕಾರಿ ನೌಕರಿಯ ಪೊಲೀಸ್ ವೆರಿಫಿಕೇಶನ್‌ನಲ್ಲಿ ಎದ್ದು ಬರುತ್ತದೆ. ಮೇಲಿನ ಬದುವಿನ ಜಗಳದ ಕಲಂಗಳೆಲ್ಲ ರಾಜಿಯಾಗುವಂಥವು. ದೂರುದಾರರೊಡನೆ ರಾಜಿಯಾಗಿ ಕೋರ್ಟಿನಲ್ಲೋ ಲೋಕ್ ಅದಾಲತ್ತಿನಲ್ಲೋ ಮುಗಿಸಿದರೆ ಕಾನೂನಿನ ಕಣ್ಣಿಗೆ ಅದು ಖುಲಾಸೆ. ಎರಡರಲ್ಲೂ ಓಡಾಟ ತಪ್ಪುತ್ತದೆ, ಆದರೆ ದಾಖಲೆಯಲ್ಲಿ ಅಜಗಜಾಂತರ.

ತಾರೀಖು ತಪ್ಪಿದರೆ ಜಾಮೀನುರಹಿತ ವಾರಂಟ್ ಹೊರಡುತ್ತದೆ. ಪ್ರತಿ ಕೇಸಿಗೂ ಇರುವ ಸಿಎನ್‌ಆರ್ ನಂಬರ್ ಇಟ್ಟುಕೊಂಡು ತಾರೀಖನ್ನು ನೀವೇ ಆ್ಯಪಿನಲ್ಲಿ ನೋಡಿ, ಸೀನಿಯರ್ ಜೊತೆಗೆ ಜೂನಿಯರ್ ನಂಬರೂ ಇರಲಿ. ಬರಲಾಗದಿದ್ದರೆ ಅಂದೇ ವಿನಾಯಿತಿ ಅರ್ಜಿ ಹೋಗಬೇಕು.

ವಕೀಲರು ಸರಿಹೋಗದಿದ್ದರೆ ಬದಲಿಸಬಹುದು. ಹೊಸ ವಕಾಲತ್ತಿನ ಮೇಲೆ ಹಳೆಯವರ ಒಪ್ಪಿಗೆ ಸಹಿ ಪಡೆಯುವುದು ಪದ್ಧತಿ, ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಫೀಸು ಬಾಕಿ ಎಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ತೀರ್ಪು ಕೊಟ್ಟಿದೆ. ಆದರೆ ಮುಖ್ಯ ಸಾಕ್ಷಿಯ ಪಾಟೀಸವಾಲಿನ ಹಿಂದಿನ ದಿನ ಬದಲಿಸಬೇಡಿ.

ತೀರ್ಪಿನ ದಿನ ಜಾಮೀನುದಾರರನ್ನು ಜೊತೆಗೆ ಕರೆದುಕೊಂಡು ಹೋಗಿ, ಪಹಣಿ ಸಮೇತ. ಖುಲಾಸೆಯಾದರೂ, ಮೇಲ್ಮನವಿ ಬಂದರೆ ಮೇಲಿನ ಕೋರ್ಟಿಗೆ ಹಾಜರಾಗುತ್ತೇನೆಂದು ಆರು ತಿಂಗಳ ಮುಚ್ಚಳಿಕೆ ಕೇಳುತ್ತಾರೆ. ಜಾಮೀನಿನ ಮೇಲಿದ್ದವರಿಗೆ ಮೂರು ವರ್ಷದೊಳಗಿನ ಶಿಕ್ಷೆಯಾದರೆ, ಮೇಲ್ಮನವಿ ಹಾಕುತ್ತೇವೆಂದು ಹೇಳಿ ಅದೇ ಕೋರ್ಟಿನಿಂದ ಅಂದೇ ಜಾಮೀನು ಪಡೆಯಬಹುದು. ಮ್ಯಾಜಿಸ್ಟ್ರೇಟ್ ಕೋರ್ಟಿನ ಶಿಕ್ಷೆಗೆ ಸೆಷನ್ಸ್‌ಗೆ ಮೇಲ್ಮನವಿ ಹಾಕಲು 30 ದಿನ, ಸೆಷನ್ಸ್‌ನದಕ್ಕೆ ಹೈಕೋರ್ಟಿಗೆ 60 ದಿನ. ಜೈಲು ಶಿಕ್ಷೆಯಾದರೆ ತೀರ್ಪಿನ ಒಂದು ಪ್ರತಿಯನ್ನು ಕೋರ್ಟು ಅಲ್ಲೇ ಉಚಿತವಾಗಿ ಕೊಡಬೇಕು, ಕೇಳಿ ಪಡೆದುಕೊಳ್ಳಿ.